ಆದಿಯೂ ಸೃಷ್ಟಿಯೂ

ವಿಜ್ಞಾನಕ್ಕೂ ಕ್ರೈಸ್ತಮತಕ್ಕೂ ಇರುವ ಸಂಬಂಧದ ಮಾತು ಬಂದಾಗಲೆಲ್ಲ ಗೆಲಿಲಿಯೋನ ವಿಚಾರಣೆಯ ಕಥೆಯೇ ಮೊದಲು ನೆನಪಾಗುವುದು ಸಹಜ. ೧೬೩೩ರಲ್ಲಿ ರೋಮಿನ ಧರ್ಮಾಧಿಕಾರಿಗಳು ಆ ವೃದ್ಧ ವಿಜ್ಞಾನಿಯನ್ನು ಕರೆಯಿಸಿ, ಭೂಮಿಯು ಚಲಿಸುತ್ತದೆಂಬ ವಾದವನ್ನು ತ್ಯಜಿಸುವುದಾಗಿ ಪ್ರಮಾಣ ಮಾಡಿಸಿದರು. ಇದು ಕಲಹದ ಕಥೆ. ಕಲಹದಿಂದಾಗುವ ಹಾನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಆತುರದ ಸಖ್ಯದಿಂದಲೂ ಅಷ್ಟೇ ಹಾನಿಯುಂಟೆಂಬುದು ಸುಲಭವಾಗಿ ಹೊಳೆಯುವುದಿಲ್ಲ. ಇದನ್ನು ಕಂಡು ಎಚ್ಚರಿಸಿದವರು, ಸ್ವತಃ ಪಾದ್ರಿಯೂ ಗಣಿತಜ್ಞರೂ ಆಗಿದ್ದ ಜಾರ್ಜ್ ಲಮೇತ್ರ ಎಂಬುವರು. ಅವರ ವಿಚಾರವನ್ನು ನಾವು ಇಲ್ಲಿ ಪರಿಶೀಲಿಸೋಣ.

ಲಮೇತ್ರರು ೧೮೯೪ರಲ್ಲಿ ಬೆಲ್ಜಿಯಂ ದೇಶದಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿದಳದಲ್ಲಿದ್ದು, ೧೯೨೩ರಲ್ಲಿ ಪಾದ್ರಿಯ ದೀಕ್ಷೆಯನ್ನು ಪಡೆದರು. ಕೇಂಬ್ರಿಜ್ಜಿನಲ್ಲಿ ಎಡಿಂಗ್ಟನ್ ಪಂಡಿತರ ಬಳಿ ವ್ಯಾಸಂಗಮಾಡಿ, ಅನಂತರ ಲೂವೇನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಆಧಾರವಾಗಿಟ್ಟುಕೊಂಡು, ವಿಶ್ವವು ವಿಸ್ತರಿಸುತ್ತಿದೆಯೆಂದು ೧೯೨೭ರಲ್ಲಿ ಅವರು ಪ್ರತಿಪಾದಿಸಿದರು. ನೀಹಾರಿಕೆಗಳು ದೂರವಿದ್ದಷ್ಟೂ ಹೆಚ್ಚು ವೇಗದಿಂದ ಸರಿಯುತ್ತಿರುವುದನ್ನು ಅಮೆರಿಕದ ಹಬಲ್ ೧೯೨೯ರಲ್ಲಿ ವೀಕ್ಷಣೆಗಳಿಂದ ತೋರಿಸಿದರು. ವಿಶ್ವವು ವಿಸ್ತರಿಸುತ್ತಿರುವುದಾದರೆ ಹಿಂದೊಮ್ಮೆ ಅದು ಅತ್ಯಂತ ಸಂಕುಚಿತವಾಗಿದ್ದಿರಬೇಕಷ್ಟೆ. ೧೯೩೧ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಚಿಕ್ಕ ಲೇಖನದಲ್ಲಿ, ಸಮಸ್ತ ವಿಶ್ವವೂ ಒಂದು ಆದಿಮ ಅಣುವಿನಿಂದ ಹೊರಟಿತೆಂಬ ಕಲ್ಪನೆಯನ್ನು ಲಮೇತ್ರರು ಮುಂದಿಟ್ಟರು. ಅದರ ಹಸ್ತಪ್ರತಿಯ ಕೊನೆಯಲ್ಲಿ ದೇವರನ್ನು ಕುರಿತ ಮಾತೊಂದಿತ್ತು. ಅಚ್ಚಾಗುವುದಕ್ಕೆ ಮೊದಲೇ ಅದನ್ನು ಹೊಡೆದುಹಾಕಿದರು.

ಈ ಸಿದ್ಧಾಂತಕ್ಕೆ ವಿರೋಧಿಗಳೂ ಇದ್ದರು. ವಿಶ್ವಕ್ಕೆ ಆದಿಯೇ ಇಲ್ಲವೆಂದು ವಾದಿಸುತ್ತಿದ್ದ ಫ್ರೆಡ್ ಹಾಯ್ಲ್ ಎಂಬ ಇಂಗ್ಲಿಷ್ ವಿಜ್ಞಾನಿಯು ೧೯೪೯ರಲ್ಲಿ ರೇಡಿಯೋ ಭಾಷಣವೊಂದರಲ್ಲಿ ಇದನ್ನು 'ಬಿಗ್ ಬ್ಯಾಂಗ್' ಎಂದು ಕರೆದನು. ವಿರೋಧಿಯಿಟ್ಟ ಆ ಹೆಸರೇ ಕೊನೆಗೆ ನಿಂತಿತು. ಇತ್ತ ೧೯೫೧ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸರು, ವ್ಯಾಟಿಕನ್ನಿನ ವಿಜ್ಞಾನ ಪರಿಷತ್ತಿನ ಮುಂದೆ ಮಾತನಾಡುತ್ತ, ನೂತನ ವಿಜ್ಞಾನವು ಸೃಷ್ಟಿಯ ಆದಿಕ್ಷಣಕ್ಕೆ ಸಾಕ್ಷಿ ನುಡಿಯುತ್ತಿದೆಯೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ತಮ್ಮ ಸಿದ್ಧಾಂತಕ್ಕೆ ಮತದ ಪರಮಾಧಿಕಾರಿಯಿಂದ ಬಂದ ಈ ಮನ್ನಣೆಗೆ ಲಮೇತ್ರರು ಹಿಗ್ಗಲಿಲ್ಲ, ಕಳವಳಪಟ್ಟರು. ಏಕೆ?

ವಿಜ್ಞಾನದ ದೃಷ್ಟಿಯಿಂದ ಕಾರಣವು ಸ್ಪಷ್ಟ. ವಿಸ್ತಾರದ ವೇಗವನ್ನು ಆಗ ಅಳೆದಿದ್ದಂತೆ ಗಣಿಸಿದರೆ ವಿಶ್ವದ ವಯಸ್ಸು ೨೦೦ ಕೋಟಿ ವರ್ಷಗಳ ಸುಮಾರಿಗೆ ಬರುತ್ತಿತ್ತು. ಭೂಮಿಗೇ ೩೦೦ ಕೋಟಿ ವರ್ಷಗಳಿಗೂ ಮೇಲ್ಪಟ್ಟು ಪ್ರಾಯವಾಗಿದೆಯೆಂದು ಭೂವಿಜ್ಞಾನಿಗಳು ಹೇಳುತ್ತಿದ್ದರು. ತಾಯಿಗಿಂತ ಮಗಳು ಹಿರಿಯಳಾದಂತಾಯಿತು! ೧೯೫೨ರಲ್ಲಿ ರೋಮಿನಲ್ಲಿಯೇ ನೆರೆದ ಖಗೋಳಜ್ಞರ ಸಮ್ಮೇಳನದಲ್ಲಿ ವಾಲ್ಟರ್ ಬಾಡೆ ಎಂಬುವರು, ನೀಹಾರಿಕೆಗಳ ದೂರವು ಹಿಂದೆ ತಿಳಿದಿದ್ದುದರ ಇಮ್ಮಡಿಯೆಂದು ತಿಳಿಸಿದಾಗ ಈ ತೊಡಕು ಸಡಿಲವಾಗತೊಡಗಿತು. ಹೀಗೆ ದಿನದಿನಕ್ಕೆ ತಿದ್ದುಪಡಿಯಾಗುವ ಲೆಕ್ಕದ ಮೇಲೆ ಶ್ರದ್ಧೆಯ ಮಂದಿರವನ್ನು ಕಟ್ಟಿದರೆ, ಲೆಕ್ಕವು ತಪ್ಪಿದ ದಿನ ಮಂದಿರವೂ ಕುಸಿಯಬೇಕಾಗುತ್ತದೆ.

ತತ್ತ್ವಶಾಸ್ತ್ರವು ಕೊಡುವ ಕಾರಣವು ಇದಕ್ಕಿಂತ ಆಳವಾದುದು. ಜಗತ್ತಿಗೆ ಕಾಲದಲ್ಲಿ ಆದಿಯಿದೆಯೆಂಬುದನ್ನು ಯುಕ್ತಿಯಿಂದ ಸಾಧಿಸಲಾಗದು, ಅದು ಶ್ರದ್ಧೆಯಿಂದ ತಿಳಿಯತಕ್ಕ ವಿಷಯವೆಂದು ಹದಿಮೂರನೆಯ ಶತಮಾನದಲ್ಲಿಯೇ ತಾಮಸ್ ಅಕ್ವೈನಾಸ್ ಎಂಬ ಕ್ರೈಸ್ತ ದಾರ್ಶನಿಕರು ಪ್ರತಿಪಾದಿಸಿದ್ದರು. ಆದಿ ಬೇರೆ, ಸೃಷ್ಟಿ ಬೇರೆ. ಆದಿಯೆಂದರೆ ಕಾಲದ ಮೊದಲ ಕ್ಷಣ. ಸೃಷ್ಟಿಯೆಂದರೆ ಜಗತ್ತಿನ ಇರವೇ ಸರ್ವದಾ ಪರಮಾತ್ಮನನ್ನು ಅವಲಂಬಿಸಿರುವುದು. ಇದನ್ನು ವಿಶದಪಡಿಸಲು ಅಗಸ್ಟೀನರಿಂದ ಬಂದ ಪ್ರಾಚೀನ ದೃಷ್ಟಾಂತವೊಂದುಂಟು. ಧೂಳಿನ ಮೇಲೆ ಒಂದು ಪಾದವು ಅನಾದಿಕಾಲದಿಂದಲೂ ಊರಿಕೊಂಡಿದ್ದರೆ, ಅದರ ಕೆಳಗಿನ ಹೆಜ್ಜೆಯ ಗುರುತೂ ಅನಾದಿಯೇ ಆಗುವುದು. ಆದರೂ ಗುರುತು ಪಾದದಿಂದಲೇ ಆದುದೆಂಬುದರಲ್ಲಿ ಸಂದೇಹವಿಲ್ಲ. ಮಡಕೆಯನ್ನು ಮಾಡಿಟ್ಟು ಕುಂಬಾರನು ಹೊರಟುಹೋದರೂ ಮಡಕೆ ಉಳಿಯುತ್ತದೆ. ಹಾಡುವವನು ನಿಲ್ಲಿಸಿದರೆ ಹಾಡು ಉಳಿಯದು. ಅಕ್ವೈನಾಸರು ಹೇಳುವ ಸೃಷ್ಟಿಯು ಮಡಕೆಯಂತಲ್ಲ, ಹಾಡಿನಂತೆ. ಆದುದರಿಂದ ಹಾಯ್ಲನ ಆದಿಯಿಲ್ಲದ ವಿಶ್ವವೇ ನಿಜವಾಗಿದ್ದರೂ ಅದರಿಂದ ದೇವರಿಲ್ಲವೆಂದು ಸಿದ್ಧವಾಗುತ್ತಿರಲಿಲ್ಲ; ಲಮೇತ್ರರ ಆದಿಮ ಅಣುವೇ ನಿಜವಾದರೂ ದೇವರಿರುವನೆಂದು ಅಷ್ಟರಿಂದಲೇ ಸಿದ್ಧವಾಗದು.

೧೯೫೨ರ ಆ ಸಮ್ಮೇಳನದವರನ್ನು ಉದ್ದೇಶಿಸಿ ಮಾತನಾಡಿದಾಗ ಪೋಪರು ಹಿಂದಿನ ವರ್ಷದ ವಾದವನ್ನು ಪುನಃ ಎತ್ತಲಿಲ್ಲ. ಮುಂದೆ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಕ್ಷೀಣವಾದ ವಿಕಿರಣವನ್ನು ಪೆನ್ಜಿಯಾಸ್ ಮತ್ತು ವಿಲ್ಸನ್ ಕಂಡುಹಿಡಿದುದು ೧೯೬೫ರಲ್ಲಿ ಪ್ರಕಟವಾಯಿತು. ಪುರಾತನ ವಿಶ್ವದ ತಾಪಶೇಷವಾದ ಅದು ಬಿಗ್ ಬ್ಯಾಂಗ್ ವಾದಕ್ಕೆ ಪ್ರಬಲವಾದ ಆಧಾರವನ್ನು ಒದಗಿಸಿತು. ಈ ವಾರ್ತೆಯನ್ನು ಕೇಳಿ, ೧೯೬೬ರಲ್ಲಿ ಲಮೇತ್ರರು ಕಾಲವಾದರು. ಆ ವಿಸ್ತಾರಕ್ಕೆ ಈಗ ಸುಮಾರು ೧,೩೮೦ ಕೋಟಿ ವರ್ಷಗಳೆಂದು ಗಣನೆ.

ಹಾಗಾದರೆ ವಿಜ್ಞಾನಕ್ಕೂ ಶ್ರದ್ಧೆಗೂ ಮಾತೇ ಬೇಡವೆ? ಹಾಗಲ್ಲ. ಒಂದೇ ಮನಸ್ಸಿನಲ್ಲಿ ಅವೆರಡೂ ಬಾಳಬಲ್ಲವೆಂಬುದಕ್ಕೆ ಆ ಪಾದ್ರಿಯ ಜೀವನವೇ ನಿದರ್ಶನ. ಜಗತ್ತು ಬುದ್ಧಿಗೆ ನಿಲುಕತಕ್ಕುದೆಂಬ ಭರವಸೆಯನ್ನು ಶ್ರದ್ಧೆಯು ಸಂಶೋಧಕನಿಗೆ ಕೊಡಬಹುದು, ಸಮೀಕರಣವನ್ನು ಬಿಡಿಸಿಕೊಡಲಾರದು. ಜಗತ್ತು ಹೇಗೆ ನಡೆಯಿತೆಂಬುದನ್ನು ವಿಜ್ಞಾನವು ಹೇಳಬಹುದು; ಅದು ಇರುವುದೇಕೆಂಬುದನ್ನು ದೂರದರ್ಶಕದಿಂದ ನೋಡಲಾಗದು. ಇವೆರಡರಲ್ಲಿ ಯಾವ ಪ್ರಶ್ನೆ ಯಾರದೆಂದು ವಿವೇಚಿಸಿಕೊಡುವ ಕೆಲಸ ತತ್ತ್ವಶಾಸ್ತ್ರದ್ದು. ಹೊಸ ಶೋಧವೊಂದು ಹೊರಬಿದ್ದಾಗಲೆಲ್ಲ, ದೇವರು ಗೆದ್ದನೆಂದು ಕೆಲವರೂ ಸೋತನೆಂದು ಕೆಲವರೂ ಘೋಷಿಸುವುದುಂಟು. ಆ ಎರಡು ಘೋಷಗಳ ನಡುವೆ ನಿಂತು, ಪ್ರಶ್ನೆ ಯಾವುದೆಂದು ಮೊದಲು ವಿಚಾರಿಸುವುದನ್ನು ನಾವು ಲಮೇತ್ರರಿಂದ ಕಲಿಯಬಹುದು.