ಕಲ್ಲಿದ್ದಲು ತಿಂದ ಊರಿನ ಲೆಕ್ಕ

ಲಂಡನ್ನಿಗೆ ಹೋದ ಕನ್ನಡಿಗರು ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಯ ಮುಂದೆ ಒಂದು ಫೋಟೊ ತೆಗೆಸಿಕೊಳ್ಳದೆ ವಾಪಸಾಗುವುದು ಕಡಿಮೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ಡಾ. ನೀರಜ್ ಪಾಟೀಲರ ಓಡಾಟದ ಫಲ ಅದು; 2015ರ ನವೆಂಬರ್ 14ರಂದು ಅನಾವರಣವಾಯಿತು. ಫೋಟೊದಲ್ಲಿ ಬಸವಣ್ಣನವರು ಬರುತ್ತಾರೆ, ನದಿ ಬರುತ್ತದೆ, ಆಚೆ ದಂಡೆಯ ಪಾರ್ಲಿಮೆಂಟೂ ಬಂದರೆ ಬಂತು. ಕಾಲ ಕೆಳಗಿನ ನೆಲ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಆ ನೆಲದ ಹೆಸರು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. 1866ರಿಂದ 1869ರವರೆಗೆ ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರು ನದಿಯ ಕೆಸರಿಗೆ ಕಲ್ಲಿನ ಗೋಡೆ ಕಟ್ಟಿ ಎಬ್ಬಿಸಿದ ದಂಡೆ. ಎದುರು ದಡದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟೂ ಅವನದೇ. ದುಡ್ಡು ಬಂದದ್ದು ಊರಿನ ಒಲೆಗಳಿಂದ. ಲಂಡನ್ನಿನ ಗಡಿಯೊಳಗೆ ಬಂದ ಪ್ರತಿ ಟನ್ ಕಲ್ಲಿದ್ದಲಿಗೂ ಒಂದು ಶಿಲ್ಲಿಂಗ್ ಒಂದು ಪೆನ್ನಿ, ಅಂದರೆ 13 ಪೆನ್ಸ್, ಸುಂಕ ಕಟ್ಟಬೇಕಿತ್ತು. ಚಳಿಗೆ ಬೆಂಕಿ ಹಾಕಿಕೊಂಡವರೆಲ್ಲ ತಮಗರಿವಿಲ್ಲದೆ ಈ ದಂಡೆಗೆ ಒಂದೊಂದು ಕಲ್ಲು ಹೊತ್ತಿದ್ದಾರೆ.

ಕಲ್ಲಿದ್ದಲಿನ ಊರು ಎಂದ ಕೂಡಲೇ ನಮಗೆ ಗಣಿ, ಸುರಂಗ, ಮಸಿ ಮೆತ್ತಿದ ಮುಖ ನೆನಪಾಗುತ್ತವೆ. ಲಂಡನ್ನಿನಲ್ಲಿ ಇವ್ಯಾವುವೂ ಇರಲಿಲ್ಲ. ಅದು ಅಗೆದ ಊರೂ ಅಲ್ಲ, ಹಡಗಿಗೆ ತುಂಬಿಸಿ ಕಳಿಸಿದ ಊರೂ ಅಲ್ಲ, ತಿಂದ ಊರು. ತುಂಬಿಸಿ ಕಳಿಸಿದ್ದು ಉತ್ತರದ ನ್ಯೂಕಾಸಲ್ ಕಡೆಯ ಬಂದರುಗಳು. ಸಮುದ್ರ ದಾರಿಯಲ್ಲಿ ಸುಮಾರು 500 ಕಿ.ಮೀ., ನಮ್ಮ ಲೆಕ್ಕದಲ್ಲಿ ಬೆಂಗಳೂರಿಂದ ಬೆಳಗಾವಿ. ಕಡಲ ಮೇಲಿಂದ ಬರುತ್ತಿದ್ದ ಕಾರಣ ಅದಕ್ಕೆ ‘ಸೀ ಕೋಲ್’ ಎಂದೇ ಹೆಸರು. ಲಡ್‌ಗೇಟ್ ಹತ್ತಿರ ಸೀಕೋಲ್ ಲೇನ್ ಎಂಬ ಓಣಿ ಇವತ್ತಿಗೂ ಇದೆ. 13ನೇ ಶತಮಾನದ ಕಾಗದಪತ್ರಗಳಲ್ಲೇ ಅದರ ಹೆಸರು ಸಿಗುತ್ತದೆ.

ಈಗ ಒಂದು ವರ್ಷ ಹಿಡಿದುಕೊಳ್ಳೋಣ, 1848. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಲಂಡನ್ನಿನ ಕೂಲಿಕಾರರ ಮಧ್ಯೆ ಓಡಾಡಿ, ಅಂಕಿಗಳನ್ನೂ ಬರೆದಿಟ್ಟ. ಆ ವರ್ಷ ಲಂಡನ್ನಿಗೆ ಬಂದ ಕಲ್ಲಿದ್ದಲು 34,18,340 ಟನ್. ಹೊತ್ತು ತಂದದ್ದು 12,267 ಹಡಗು ಸರಕು. ಅದರಲ್ಲಿ ದುಡಿದ ನಾವಿಕರು 21,600.

ದೊಡ್ಡ ಅಂಕಿ ಕೇಳಿದಾಗ ತಲೆ ಆಡಿಸುತ್ತೇವೆ, ಮನಸ್ಸಿಗೆ ಏನೂ ಇಳಿಯುವುದಿಲ್ಲ. ಹಾಗಾಗಿ ಭಾಗಿಸಿ ನೋಡಬೇಕು. ದಿನಕ್ಕೆ 33 ಹಡಗು, ಭಾನುವಾರ ಹಬ್ಬ ಎಲ್ಲ ಸೇರಿ. ಒಂದೊಂದರಲ್ಲಿ ಸರಾಸರಿ 280 ಟನ್. ದಿನಕ್ಕೆ ಒಟ್ಟು 9,300 ಟನ್‌ಗಿಂತ ಹೆಚ್ಚು. ಆಗ ಲಂಡನ್ನಿನ ಜನಸಂಖ್ಯೆ 23 ಲಕ್ಷ ಚಿಲ್ಲರೆ. ತೊಟ್ಟಿಲ ಕೂಸನ್ನೂ ಸೇರಿಸಿ ತಲೆಗೆ ದಿನಕ್ಕೆ 4 ಕಿಲೊ. ಆ ಊರಿನ ಮನುಷ್ಯ ದಿನಕ್ಕೆ ತಿಂದ ಅನ್ನ, ರೊಟ್ಟಿ, ಮಾಂಸ ಎಲ್ಲವನ್ನೂ ತಕ್ಕಡಿಗೆ ಹಾಕಿದರೂ ಅವನ ಪಾಲಿನ ಇದ್ದಿಲೇ ಭಾರ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಈ 9,300 ಟನ್ ಇವತ್ತು ದೊಡ್ಡದೇ ಅಲ್ಲ. ನಮ್ಮ ಒಂದು ಕಲ್ಲಿದ್ದಲು ಗೂಡ್ಸ್ ರೈಲು 58 ವ್ಯಾಗನ್ ಎಳೆದು ಹತ್ತಿರಹತ್ತಿರ 4,000 ಟನ್ ತರುತ್ತದೆ. ಅಂದರೆ ಎರಡೂವರೆ ರೈಲು, ಮುಗಿಯಿತು. ರಾಯಚೂರಿನ ಶಕ್ತಿನಗರದ 1,720 ಮೆಗಾವಾಟ್ ಸ್ಥಾವರ ಪೂರ್ತಿ ಓಡಿದರೆ ದಿನಕ್ಕೆ 25,000 ಟನ್ನಿಗೂ ಮಿಕ್ಕಿ ಸುಡುತ್ತದೆ. ಹಾಗಾದರೆ ಬೆರಗು ಯಾತಕ್ಕೆ? ಆ ದಿನದ ಲೆಕ್ಕವನ್ನು ಎತ್ತಿ ಇಳಿಸುತ್ತಿದ್ದ ಯಂತ್ರ ಮನುಷ್ಯನ ಮೈ ಆಗಿತ್ತಲ್ಲ, ಅದಕ್ಕೆ.

ಆ ಕೂಲಿಗಳಿಗೆ ಕೋಲ್ ವಿಪ್ಪರ್ ಎಂದು ಹೆಸರು. ಒಂಬತ್ತು ಜನರ ಒಂದು ತಂಡ. ನಾಲ್ವರು ಹಡಗಿನ ಹೊಟ್ಟೆಯೊಳಗೆ ಇಳಿದು ಸಲಿಕೆಯಲ್ಲಿ ಬುಟ್ಟಿ ತುಂಬುವವರು. ಬುಟ್ಟಿಗೆ ಕಟ್ಟಿದ ಹಗ್ಗ ಮೇಲಿನ ರಾಟೆಯ ಮೇಲೆ ಹಾದು ಬಂದು ನಾಲ್ಕು ಕವಲಾಗಿ ಇನ್ನು ನಾಲ್ವರ ಕೈಗೆ. ಹಡಗಿನ ಅಟ್ಟದ ಮೇಲೆ ಮೂರು ನಾಲ್ಕು ಮೆಟ್ಟಿಲಿನ ಮರದ ಏಣಿಯಂಥದ್ದು ಇರುತ್ತಿತ್ತು. ಈ ನಾಲ್ವರು ಹಗ್ಗ ಎಳೆಯುತ್ತಾ ದಡದಡ ಮೆಟ್ಟಿಲು ಹತ್ತಿ, ತುದಿಯಿಂದ ಒಟ್ಟಿಗೇ ಹಿಂದಕ್ಕೆ ಹಾರುತ್ತಿದ್ದರು. ನಾಲ್ಕು ಮೈಯ ಭಾರ ಕೆಳಗೆ ಬಿದ್ದ ರಭಸಕ್ಕೆ ಅರವತ್ತು ಕಿಲೊ ಮೀರಿದ ಬುಟ್ಟಿ ಹಡಗಿನ ಹೊಟ್ಟೆಯಿಂದ ಚಿಮ್ಮಿ ಮೇಲೆ. ಒಂಬತ್ತನೆಯವನು ಅದನ್ನು ಹಿಡಿದು ಪಕ್ಕದ ದೋಣಿಗೆ ಸುರಿಯುವ ವ್ಯವಸ್ಥೆ ನೋಡುವವನು. ಬಾವಿಯ ಏತದ ಮರದ ಮೇಲೆ ಹಿಂದೆ ಮುಂದೆ ನಡೆದು ನೀರೆತ್ತುವವರನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮೈಭಾರಕ್ಕೆ ನೀರು ಬಂತು, ಇಲ್ಲಿ ಇದ್ದಿಲು.

280 ಟನ್ನಿನ ಒಂದು ಹಡಗು ಬರಿದಾಗಲು ಸುಮಾರು ನಾಲ್ಕೂವರೆ ಸಾವಿರ ಬುಟ್ಟಿ ಬೇಕು. ಒಂದು ಬುಟ್ಟಿಗೆ ಒಂದು ಹಾರು. ವರ್ಷದ ಸರಕನ್ನೆಲ್ಲ ಇದೇ ರೀತಿ ಎತ್ತಿದ್ದರೆ ಐದೂವರೆ ಕೋಟಿ ಹಾರು.

ಹಾರಿದವನ ಕೂಲಿ ಸೀದಾ ಮನೆಗೆ ಹೋಗುತ್ತಿರಲಿಲ್ಲ. ಕೆಲಸ ಹಂಚುತ್ತಿದ್ದವರು ನದಿಯಂಚಿನ ಹೆಂಡದಂಗಡಿಗಳ ಮಾಲೀಕರು. ಕುಡಿಯದವನಿಗೆ ಕೆಲಸವಿಲ್ಲ, ಕೂಲಿ ಬಟವಾಡೆಯೂ ಅಂಗಡಿಯ ಕಟ್ಟೆಯ ಮೇಲೇ. 1843ರಲ್ಲಿ ಕಾನೂನು ಮಾಡಿ, ಕೆಲಸ ಹಂಚಲಿಕ್ಕೆಂದೇ ಒಂದು ಕಚೇರಿ ತೆರೆದ ಮೇಲೆ ಈ ಕಾಟ ತಗ್ಗಿತು. ಆ ಕಾನೂನಿನ ಹಿಂದೆ ಇದ್ದವನು ಮುಂದೆ ನಾಲ್ಕು ಸಲ ಪ್ರಧಾನಿಯಾದ ಗ್ಲಾಡ್‌ಸ್ಟನ್.

ಆದರೆ ಈ ಹಾರುವವರ ಕಾಲವೇ ಮುಗಿಯುತ್ತಾ ಬಂದಿತ್ತು. 1852ರಲ್ಲಿ ಚಾರ್ಲ್ಸ್ ಪಾಮರ್ ಟೈನ್ ನದಿಯ ದಂಡೆಯಲ್ಲಿ ‘ಜಾನ್ ಬೌಸ್’ ಎಂಬ ಕಬ್ಬಿಣದ ಹಬೆ ಹಡಗು ಕಟ್ಟಿ ನೀರಿಗಿಳಿಸಿದ. ಎರಡು ಹಾಯಿ ಹಡಗುಗಳು ಒಂದು ತಿಂಗಳು ಮಾಡುವ ಕೆಲಸವನ್ನು ಅದು ಐದು ದಿನದಲ್ಲಿ ಮಾಡಿ ತೋರಿಸಿತು. ಅದಕ್ಕೆ ಒಂದು ವರ್ಷ ಮೊದಲೇ ರೈಲೂ ಅಖಾಡಕ್ಕೆ ಇಳಿದಿತ್ತು. ಕಿಂಗ್ಸ್ ಕ್ರಾಸ್‌ನಲ್ಲಿ 1851ರಲ್ಲಿ ಕಟ್ಟಿದ ಕೋಲ್ ಡ್ರಾಪ್ಸ್ ಎಂಬ ಉದ್ದನೆಯ ಇಟ್ಟಿಗೆ ಕಟ್ಟಡದ ಕೆಲಸ ಸರಳ. ಮೇಲಂತಸ್ತಿನಲ್ಲಿ ರೈಲು ಬಂದು ನಿಲ್ಲುತ್ತದೆ, ವ್ಯಾಗನ್ನಿನ ತಳ ತೆರೆಯುತ್ತದೆ, ಇದ್ದಿಲು ಜರ್ರನೆ ಕೆಳಗಿನ ತೊಟ್ಟಿಗೆ ಬೀಳುತ್ತದೆ, ಅದರ ಕೆಳಗೆ ಮೂಟೆ ಹಿಡಿದು ಕುದುರೆ ಗಾಡಿಯವರು ಕಾಯುತ್ತಾರೆ. ಯಾರೂ ಹಾರಬೇಕಿಲ್ಲ, ನೆಲವೇ ಎಳೆದುಕೊಳ್ಳುತ್ತದೆ. ಈಗ ಅದೇ ಕಟ್ಟಡ ಥಾಮಸ್ ಹೆದರ್‌ವಿಕ್ ಹಾಕಿದ ಹೊಸ ಸೂರು ಹೊತ್ತು 2018ರಿಂದ ಕೋಲ್ ಡ್ರಾಪ್ಸ್ ಯಾರ್ಡ್ ಎಂಬ ಶಾಪಿಂಗ್ ಬೀದಿಯಾಗಿದೆ. ಪಕ್ಕದ ಗ್ಯಾಸ್ ತೊಟ್ಟಿಗಳ ಎರಕದ ಕಬ್ಬಿಣದ ಕಂಬಗಳ ಬಳೆಯೊಳಗೆ 145 ಫ್ಲ್ಯಾಟುಗಳು ಎದ್ದಿವೆ. ಚೆನ್ನಾಗಿ ಉಳಿಸಿದ್ದಾರೆ, ಇಲ್ಲವೆನ್ನಲಾರೆ. ಆದರೂ ಇಷ್ಟು ತೊಳೆದ ಇಟ್ಟಿಗೆ ನೋಡಿ ಅಲ್ಲಿ ಮಸಿ ಇತ್ತೆಂದು ನಂಬುವುದು ಕಷ್ಟ.

ನನಗೆ ಕೇಳಿದರೆ ಈ ಕಥೆಯ ನಿಜವಾದ ಸ್ಮಾರಕ ಊರ ಹೊರಗಿದೆ. ಬೆಂಗಳೂರಿನ ಸುಂಕದಕಟ್ಟೆಯ ಹೆಸರು ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ; ಆಕ್ಟ್ರಾಯ್ ನಾಕಾದಲ್ಲಿ ಲಾರಿ ಸಾಲು ನಿಂತದ್ದೂ ನೆನಪಿರುವವರಿದ್ದಾರೆ. ಲಂಡನ್ ತನ್ನ ಸುಂಕದ ಎಲ್ಲೆಯನ್ನು ಕಂಬ ನೆಟ್ಟು ತೋರಿಸಿತು. 1861ರ ಕಾಯ್ದೆಯ ನಂತರ ರಸ್ತೆ, ಕಾಲುವೆ, ರೈಲುಹಳಿ, ಕಾಲುದಾರಿ ಯಾವುದು ಎಲ್ಲೆ ದಾಟಿದರೂ ಅಲ್ಲೊಂದು ಕಂಬ. ಇನ್ನೂರಕ್ಕೂ ಹೆಚ್ಚು ಕಂಬಗಳು ಇವತ್ತೂ ನಿಂತಿವೆ. ಹೆಚ್ಚಿನವು ಸೊಂಟದೆತ್ತರದ ಎರಕದ ಕಬ್ಬಿಣದವು, ಬಿಳಿ ಬಣ್ಣ, ಮೇಲೆ ನಗರದ ಗುರಾಣಿ, ಅದರಲ್ಲಿ ಶಿಲುಬೆ ಮತ್ತು ಖಡ್ಗ. ಕೆಳಗೆ ಕೊರೆದದ್ದು ವಿಕ್ಟೋರಿಯಾ ಆಳ್ವಿಕೆಯ 24 ಮತ್ತು 25ನೇ ವರ್ಷದ 42ನೇ ಕಾಯ್ದೆ ಎಂಬುದಷ್ಟೇ. ಯಾತರ ಸುಂಕ, ಎಷ್ಟು, ಒಂದು ಅಕ್ಷರವೂ ಇಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅನ್ನುತ್ತೇವಲ್ಲ, ಕಂಬದ ಮುಖವೂ ಹಾಗೇ ಇದೆ.

13 ಪೆನ್ಸ್ ಅಂದರೆ ಪೌಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಚೂರು ಹೆಚ್ಚು. 1848ರ ಸರಕಿಗೆ ಹಾಕಿ ನೋಡಿದರೆ ವರ್ಷಕ್ಕೆ 1,85,000 ಪೌಂಡ್ ಮೀರುತ್ತದೆ. ಇದು ವಿಕ್ಟೋರಿಯಾ ಕಾಲದವರು ಹುಡುಕಿದ ಯುಕ್ತಿಯೂ ಅಲ್ಲ. 1666ರ ಬೆಂಕಿಯಲ್ಲಿ 13,200 ಮನೆ, 87 ಚರ್ಚು ಸುಟ್ಟುಹೋದವು. ಮತ್ತೆ ಕಟ್ಟಲು ಪಾರ್ಲಿಮೆಂಟ್ ಕಲ್ಲಿದ್ದಲಿನ ಮೇಲೆ ಸುಂಕ ಹಾಕಿತು. ಬೆಂಕಿ ಸುಟ್ಟ ಊರನ್ನು ಬೆಂಕಿಯ ತೆರಿಗೆಯಿಂದಲೇ ಕಟ್ಟಿದರು! ಕ್ರಿಸ್ಟೊಫರ್ ರೆನ್‌ನ 51 ಚರ್ಚುಗಳಿಗೆ ಹಣ ಬಂದದ್ದು ಅಲ್ಲಿಂದ. 1675ರಲ್ಲಿ ಶುರುವಾದ ಸೇಂಟ್ ಪಾಲ್ಸ್‌ಗೆ ತಗುಲಿದ ಏಳು ಲಕ್ಷ ಪೌಂಡಿಗೂ ಮಿಕ್ಕ ವೆಚ್ಚದ ಬಹುಪಾಲೂ ಅಲ್ಲಿಂದಲೇ. ಆಮೇಲೆ ಅದೇ ಕಲ್ಲಿದ್ದಲಿನ ಹೊಗೆ ಸೇಂಟ್ ಪಾಲ್ಸ್‌ನ ಬಿಳಿಗಲ್ಲನ್ನು ತಲೆಮಾರುಗಟ್ಟಲೆ ಕಪ್ಪು ಮಾಡಿತು. ಕೊಟ್ಟದ್ದಕ್ಕೆ ಬಡ್ಡಿ.

ಸುಡುವುದಕ್ಕಷ್ಟೇ ಅಲ್ಲ, ಹುರಿದು ಗ್ಯಾಸ್ ತೆಗೆಯುವುದಕ್ಕೂ ಕಲ್ಲಿದ್ದಲು ಬೇಕಿತ್ತು. ಪೂರ್ವದ ಬೆಕ್ಟನ್‌ನಲ್ಲಿ 1870ರಲ್ಲಿ ಶುರುವಾದದ್ದು ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಗ್ಯಾಸ್ ಕಾರ್ಖಾನೆ. ಊರಿನ ಹೆಸರೇ ಕಂಪನಿಯ ಅಧ್ಯಕ್ಷ ಸೈಮನ್ ಆಡಮ್ಸ್ ಬೆಕ್‌ನದು. ಹಡಗುಗಳು ಅದರದೇ ಕಟ್ಟೆಗೆ ಬಂದು ನಿಲ್ಲುತ್ತಿದ್ದವು. ವರ್ಷಕ್ಕೆ ಹತ್ತು ಲಕ್ಷ ಟನ್ ಮಟ್ಟದ ಕಲ್ಲಿದ್ದಲು ಇಳಿಯುತ್ತಿತ್ತು. ಕುಲುಮೆಯ ಬಾಯಲ್ಲಿ ದಿನಕ್ಕೆ 12 ಗಂಟೆ ನಿಲ್ಲುತ್ತಿದ್ದ ವಿಲ್ ಥಾರ್ನ್ ಎಂಬ ಕೂಲಿ 1889ರ ಮಾರ್ಚ್ 31ರಂದು ಸಂಘ ಕಟ್ಟಿದ. ಅವನಿಗೆ ಓದುಬರಹದಲ್ಲಿ ಕೈಹಿಡಿದು ನೆರವಾದವಳು ಕಾರ್ಲ್ ಮಾರ್ಕ್ಸ್‌ನ ಮಗಳು ಎಲಿನಾರ್. ಕೆಲವೇ ತಿಂಗಳಲ್ಲಿ 12 ಗಂಟೆ 8 ಗಂಟೆಯಾಯಿತು, ಮುಷ್ಕರವೂ ಇಲ್ಲದೆ. ಕಾರ್ಖಾನೆ ಮುಚ್ಚಿ ಅರ್ಧ ಶತಮಾನ ದಾಟಿದೆ. ಉಳಿದದ್ದು ಅದರ ಕಸದ ಗುಡ್ಡೆ. ತಮಾಷೆಗೆ ಬೆಕ್ಟನ್ ಆಲ್ಪ್ಸ್ ಎನ್ನುತ್ತಾರೆ. ಅದರ ಮೇಲೆ ಕೆಲವು ವರ್ಷ ಸ್ಕೀ ಜಾರುಬಂಡೆಯೂ ಇತ್ತು!

ಇಪ್ಪತ್ತನೇ ಶತಮಾನದ ಹಸಿವಿಗೆ ಹೆಸರು ಬ್ಯಾಟರ್‌ಸೀ ವಿದ್ಯುತ್ ಸ್ಥಾವರ. ನಾಲ್ಕು ಬಿಳಿ ಚಿಮಣಿ, ಒಂದೊಂದೂ ನೂರು ಮೀಟರಿಗೂ ಎತ್ತರ. ಭರಾಟೆಯ ದಿನಗಳಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ ಅದಕ್ಕೆ ಬೇಕಿತ್ತು. ಇಡೀ ಲಂಡನ್ 1848ರಲ್ಲಿ ತರಿಸಿಕೊಂಡದ್ದರ ಮೂರನೇ ಒಂದು ಪಾಲನ್ನು ಒಂದೇ ಕಟ್ಟಡ ನುಂಗಿತು. ಹೊತ್ತು ತಂದ ಹಡಗುಗಳಿಗೆ ಇಸ್ತ್ರಿಪೆಟ್ಟಿಗೆ ಎಂದು ಅಡ್ಡಹೆಸರು: ಸೇತುವೆಗಳ ಕೆಳಗೆ ನುಸುಳಬೇಕಲ್ಲ, ಮೈ ಚಪ್ಪಟೆ, ಹೊಗೆಕೊಳವೆ ಮತ್ತು ಸ್ತಂಭ ಮಡಚುವಂಥವು. 1983ರಲ್ಲಿ ಆರಿದ ಬ್ಯಾಟರ್‌ಸೀ 2022ರಲ್ಲಿ ಅಂಗಡಿ, ಕಚೇರಿ, ಮನೆಗಳಾಗಿ ತೆರೆಯಿತು. ಒಂದು ಚಿಮಣಿಯೊಳಗೆ ಈಗ ಲಿಫ್ಟ್ ಹತ್ತಿಸಿ ಊರು ತೋರಿಸುತ್ತಾರೆ. ನಮ್ಮ ಬೆಂಗಳೂರಿನ ಬೀದಿಗಳು 1905ರಲ್ಲಿ ಶಿವನಸಮುದ್ರದ ನೀರಿನಿಂದ ಬೆಳಗಿದವು. ಈ ಮಸಿಯ ಪಾಠ ನಮಗೆ ಬೇರೆ ದಾರಿಯಲ್ಲಿ, ತಡವಾಗಿ ಬಂತು.

ಸ್ಮಾರಕವಿಲ್ಲದ ಅಂಕಿಯೂ ಒಂದಿದೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಒಲೆಗಳ ಹೊಗೆ ಮಂಜಿನಲ್ಲಿ ಸಿಕ್ಕಿಕೊಂಡು ಊರ ಮೇಲೆ ಕೂತುಬಿಟ್ಟಿತು. ಆಗ ಲೆಕ್ಕ ಹಾಕಿದ ಸಾವು 4,000. ಆಮೇಲಿನ ಅಧ್ಯಯನಗಳು 12,000ದವರೆಗೆ ಏರಿಸಿವೆ. ಮನೆ ಒಲೆಯ ಹೊಗೆಗೆ ಕಡಿವಾಣ ಹಾಕುವ ಕಾನೂನು ಬಂದದ್ದು 1956ರಲ್ಲಿ.

ಹೀಗೆ ಎಲ್ಲ ಹಡಗು, ಎಲ್ಲ ಬುಟ್ಟಿ ಬೆಲೆಯಾಗಿ ಬದಲಾಗುತ್ತಿದ್ದದ್ದು ಲೋಯರ್ ಥೇಮ್ಸ್ ಬೀದಿಯ ಒಂದು ದುಂಡು ಸಭಾಂಗಣದಲ್ಲಿ, ಕೋಲ್ ಎಕ್ಸ್‌ಚೇಂಜ್‌ನಲ್ಲಿ. ಜೇಮ್ಸ್ ಬನ್ನಿಂಗ್ ಕಟ್ಟಿದ್ದು. 1849ರ ಅಕ್ಟೋಬರ್ 30ರಂದು ರಾಣಿಯ ಗಂಡ ಆಲ್ಬರ್ಟ್ ಉದ್ಘಾಟಿಸಿದ. 60 ಅಡಿ ಅಗಲ, 74 ಅಡಿ ಎತ್ತರ. ನಮ್ಮ ಗೋಲಗುಮ್ಮಟದ ಮುಂದೆ ಕೂಸು, ಸರಿ. ಆದರೆ ಅದು ಎದ್ದದ್ದು ಎರಕದ ಕಬ್ಬಿಣದಲ್ಲಿ, ಕ್ರಿಸ್ಟಲ್ ಪ್ಯಾಲೇಸ್‌ಗೆ ಎರಡು ವರ್ಷ ಮೊದಲು. ನೆಲದ ಮೇಲೆ ಸಾವಿರಾರು ಮರದ ತುಂಡು ಜೋಡಿಸಿ ಬಿಡಿಸಿದ ನಾವಿಕರ ದಿಕ್ಸೂಚಿ. ಗೋಡೆಗಳ ಮೇಲೆ ಫ್ರೆಡರಿಕ್ ಸ್ಯಾಂಗ್ ಬರೆದ ಜರೀಗಿಡಗಳು, ಕೋಟಿಗಟ್ಟಲೆ ವರ್ಷ ಹೂತು ಕಲ್ಲಿದ್ದಲಾದವಲ್ಲ, ಆ ಗಿಡಗಳೇ.

1962ರಲ್ಲಿ ರಸ್ತೆ ಅಗಲ ಮಾಡಬೇಕೆಂದು ಅದನ್ನು ಕೆಡವಿದರು. ಬೇಡವೆಂದು ಹಟ ಹಿಡಿದವರಲ್ಲಿ ಕವಿ ಜಾನ್ ಬೆಟ್ಜಮನ್ ಇದ್ದ. ಕೆಡವಿದ ಮೇಲೆ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು.

ಅದರ ತಲೆಬಾಗಿಲ ಮೇಲಿದ್ದ ಏಳಡಿ ಎತ್ತರದ ಎರಡು ಎರಕದ ಡ್ರ್ಯಾಗನ್‌ಗಳು ಮಾತ್ರ ಉಳಿದವು. ಮುಂದಿನ ಸಲ ಬಸವಣ್ಣನವರ ಜೊತೆ ಫೋಟೊ ಮುಗಿದ ಮೇಲೆ ಹೊಳೆ ದಾಟಿ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಹಿಡಿದು ಟೆಂಪಲ್‌ವರೆಗೆ ನಡೆಯಿರಿ. ನಗರದ ಎಲ್ಲೆ ಕಾಯುತ್ತಾ ರಸ್ತೆಯ ಎರಡು ಬದಿಗೂ ಗುರಾಣಿ ಹಿಡಿದು ನಿಂತಿರುವ ಬೆಳ್ಳಿ ಬಣ್ಣದ ಡ್ರ್ಯಾಗನ್‌ಗಳು ಅವೇ.