ಮೊದಲು ಮಾನಿಟರ್, ಆಮೇಲೆ ಮಿಕ್ಕಿದ್ದು

ಎರಡು ಮೂರು ಲಕ್ಷ ರೂಪಾಯಿ ಸುರಿದು ಗೇಮಿಂಗ್ ಕಂಪ್ಯೂಟರ್ ಕಟ್ಟಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಿ? ಆಮೇಲೆ ಪ್ರೊಸೆಸರ್, ರ‍್ಯಾಮ್, ಗಾಜಿನ ಕ್ಯಾಬಿನೆಟ್, ಬಣ್ಣ ಬದಲಿಸುವ ಫ್ಯಾನು. ಮಾನಿಟರ್ ಪಟ್ಟಿಯ ತಳದಲ್ಲಿರುತ್ತದೆ, ಇಲ್ಲವೇ ಹಳೆಯದೇ ಸಾಕು ಎಂದು ಬಿಟ್ಟೇ ಹೋಗಿರುತ್ತದೆ. ಪವರ್ ಸಪ್ಲೈ ಅಂಗಡಿಯವರು ಹಾಕಿಕೊಟ್ಟದ್ದು. ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎನ್ನುವುದು ನನ್ನ ವಾದ. ಕಂಪ್ಯೂಟರ್ ಎಷ್ಟು ಕೆಲಸ ಮಾಡಬೇಕೆಂದು ಗೊತ್ತು ಮಾಡುವುದು ಮಾನಿಟರ್. ಆ ಕೆಲಸವನ್ನು ನಾಲ್ಕಾರು ವರ್ಷ ತಡವರಿಸದೆ ಮಾಡೀತೇ ಎಂದು ಗೊತ್ತು ಮಾಡುವುದು ಪವರ್ ಸಪ್ಲೈ ಮತ್ತು ಪೆಟ್ಟಿಗೆಯೊಳಗಿನ ಗಾಳಿಯ ಓಡಾಟ. ಈ ಎರಡು ತುದಿಗಳು ನಿಂತ ಮೇಲೆ ನಡುವಿನ ದುಬಾರಿ ಚಿಪ್‌ಗಳ ಆಯ್ಕೆ ಅರ್ಧ ತಾನಾಗಿಯೇ ಆಗಿಬಿಡುತ್ತದೆ.

ಲೆಕ್ಕ ಹಾಕಿ ನೋಡೋಣ. ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕೆಗಳು. ಒಟ್ಟು ಸುಮಾರು 20.7 ಲಕ್ಷ ಪಿಕ್ಸೆಲ್. ಆಟಗಾರರು 1440ಪಿ ಎಂದು ಕರೆಯುವ ಮಧ್ಯದ ದರ್ಜೆಯಲ್ಲಿ 36.9 ಲಕ್ಷ. 4ಕೆ ಮಾನಿಟರ್‌ನಲ್ಲಿ 82.9 ಲಕ್ಷ, ಅಂದರೆ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಇದನ್ನು ಹರ್ಟ್ಸ್‌ನಿಂದ ಗುಣಿಸಬೇಕು. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸಿದರೆ 240 ಹರ್ಟ್ಸ್‌ನದು 240 ಸಲ ಬದಲಿಸುತ್ತದೆ. ಹಾಗಾಗಿ 4ಕೆ, 60 ಹರ್ಟ್ಸ್ ಮಾನಿಟರ್‌ಗೆ ಸೆಕೆಂಡಿಗೆ ಸುಮಾರು 50 ಕೋಟಿ ಪಿಕ್ಸೆಲ್ ಬೇಕಾದರೆ, 1440ಪಿ, 240 ಹರ್ಟ್ಸ್‌ನದಕ್ಕೆ 88 ಕೋಟಿ ದಾಟುತ್ತದೆ. 4ಕೆ, 240 ಹರ್ಟ್ಸ್ ಕೇಳುವುದು ಸುಮಾರು 199 ಕೋಟಿ. ಮನೆಮನೆಯಲ್ಲಿರುವ ಫುಲ್ ಎಚ್‌ಡಿ, 60 ಹರ್ಟ್ಸ್ ಮಾನಿಟರ್‌ನ ಹದಿನಾರು ಪಟ್ಟು. ಆ ಹಳೆಯ ಮಾನಿಟರ್‌ಗೆ ಸೆಕೆಂಡಿಗೆ 200 ಫ್ರೇಮ್ ಕೊಡಬಲ್ಲ ಕಾರ್ಡ್ ಜೋಡಿಸಿದರೆ 140 ಫ್ರೇಮ್ ಕಣ್ಣಿಗೆ ಬೀಳುವುದೇ ಇಲ್ಲ. ಮೌಸ್‌ಗೆ ಸ್ಪಂದನೆ ತುಸು ಚುರುಕಾಗಬಹುದು, ಅಷ್ಟೇ ಲಾಭ.

ಹರ್ಟ್ಸ್ ಹೆಚ್ಚಿದರೆ ಒಂದು ಬಗೆಯ ಭಾರ, ಪಿಕ್ಸೆಲ್ ಹೆಚ್ಚಿದರೆ ಇನ್ನೊಂದು ಬಗೆಯದು. ಪಿಕ್ಸೆಲ್ ಎಷ್ಟೇ ಇರಲಿ, ಪ್ರತಿ ಫ್ರೇಮಿಗೂ ಮುನ್ನ ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಯಾರಿಗೆ ತಗುಲಿತು ಎಂಬ ಲೆಕ್ಕವನ್ನು ಪ್ರೊಸೆಸರ್ ಮುಗಿಸಿಕೊಡಬೇಕು. 60 ಫ್ರೇಮಿನ ಆಟದಲ್ಲಿ ಅದಕ್ಕೆ 16.7 ಮಿಲಿಸೆಕೆಂಡ್ ಸಿಗುತ್ತದೆ, 240ರಲ್ಲಿ 4.2 ಮಾತ್ರ. ಆದ್ದರಿಂದ ಕೌಂಟರ್-ಸ್ಟ್ರೈಕ್ 2 ಅಥವಾ ವ್ಯಾಲರಂಟ್ ಆಡುವವರ ಯಂತ್ರದಲ್ಲಿ ಮೊದಲು ಸುಸ್ತಾಗುವುದು ಪ್ರೊಸೆಸರ್. 2023ರಲ್ಲಿ ಪಾತ್ ಟ್ರೇಸಿಂಗ್ ಸೇರಿಸಿಕೊಂಡ ಸೈಬರ್‌ಪಂಕ್ 2077ರಂಥ ಆಟದಲ್ಲಿ ಬೆಳಕಿನ ಒಂದೊಂದು ಕಿರಣದ ಹಾದಿಯನ್ನೂ ಲೆಕ್ಕ ಹಾಕುವ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತಿದ್ದರೆ ಪ್ರೊಸೆಸರ್ ಕೈಕಟ್ಟಿ ಕಾಯುತ್ತಿರುತ್ತದೆ. ಯಾವ ಆಟ, ಯಾವ ಪರದೆ ಎಂದು ಹೇಳದೆ ‘ಬೆಸ್ಟ್ ಪಿಸಿ ಯಾವುದು’ ಎಂದರೆ ಅದಕ್ಕೆ ಉತ್ತರವೇ ಇಲ್ಲ.

ಪ್ರೊಸೆಸರ್ ವಿಷಯದಲ್ಲಿ ಬೆಲೆಯೇ ದಿಕ್ಕು ತಪ್ಪಿಸುತ್ತದೆ. ಎಎಮ್‌ಡಿಯ ರೈಜನ್ 9 9950ಎಕ್ಸ್‌ನಲ್ಲಿ 16 ಕೋರ್. ಬಿಡುಗಡೆಯ ಬೆಲೆ 649 ಡಾಲರ್. ಅದೇ ಕಂಪನಿ 2024ರ ನವೆಂಬರ್‌ನಲ್ಲಿ ತಂದ ರೈಜನ್ 7 9800ಎಕ್ಸ್3ಡಿಯಲ್ಲಿ ಕೋರ್ ಎಂಟೇ, ಬೆಲೆ 479 ಡಾಲರ್. ಆಟದಲ್ಲಿ ಗೆಲ್ಲುವುದು ಎರಡನೆಯದು. ಗುಟ್ಟು ಇರುವುದು ಕ್ಯಾಶ್ ಎಂಬ ಒಳಮೆಮೊರಿಯಲ್ಲಿ. ಆಟದ ಲೆಕ್ಕಾಚಾರಕ್ಕೆ ಸಣ್ಣಪುಟ್ಟ ಮಾಹಿತಿ ಅಲ್ಲಿಂದಿಲ್ಲಿಂದ ಮತ್ತೆ ಮತ್ತೆ ಬೇಕಾಗುತ್ತದೆ. ಒಗ್ಗರಣೆ ಡಬ್ಬಿ ಒಲೆಯ ಪಕ್ಕದಲ್ಲಿರುವುದಕ್ಕೂ ಸಾಸಿವೆಗಾಗಿ ಪ್ರತಿ ಸಲ ಅಟ್ಟ ಹತ್ತುವುದಕ್ಕೂ ಇರುವ ವ್ಯತ್ಯಾಸವೇ ಕ್ಯಾಶ್‌ಗೂ ರ‍್ಯಾಮ್‌ಗೂ ಇದೆ. ಸಾಮಾನ್ಯ ಎಂಟು ಕೋರ್ ರೈಜನ್‌ಗೆ 32 ಎಂಬಿ ಎಲ್3 ಕ್ಯಾಶ್ ಇದ್ದರೆ ಎಕ್ಸ್3ಡಿಗೆ 96 ಎಂಬಿ. ಹೆಚ್ಚುವರಿ 64 ಎಂಬಿಯನ್ನು ಇನ್ನೊಂದು ಪದರವಾಗಿ ಚಿಪ್‌ಗೇ ಬೆಸೆದಿದ್ದಾರೆ. 2022ರ 5800ಎಕ್ಸ್3ಡಿಯಲ್ಲಿ ಆ ಪದರ ಕೋರ್‌ಗಳಿದ್ದ ಚಿಪ್‌ನ ಮೇಲೆ ಕೂತು ಶಾಖಕ್ಕೆ ಅಡ್ಡವಾಗುತ್ತಿತ್ತು. 9800ಎಕ್ಸ್3ಡಿಯಲ್ಲಿ ಅದನ್ನು ಅಡಿಗೆ ಸರಿಸಿದ್ದರಿಂದ ಕೋರ್‌ಗಳು ಕೂಲರ್‌ಗೆ ಹತ್ತಿರವಾಗಿ ಇನ್ನಷ್ಟು ವೇಗ ಸಾಧ್ಯವಾಯಿತು. ಇಷ್ಟಾದರೂ ಈ ಪ್ರೊಸೆಸರ್ ಎಲ್ಲರಿಗೂ ಬೇಕಿಲ್ಲ. 4ಕೆ ಪರದೆಯಲ್ಲಿ ಗುಣಮಟ್ಟವನ್ನು ತುತ್ತತುದಿಗೆ ಏರಿಸಿ ಆಡುವಾಗ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ ಬೀಳುವುದರಿಂದ ಒಳ್ಳೆಯ ಪ್ರೊಸೆಸರ್‌ಗೂ ಅತ್ಯುತ್ತಮ ಪ್ರೊಸೆಸರ್‌ಗೂ ಇರುವ ಅಂತರ ಬಹುತೇಕ ಕರಗಿಹೋಗುತ್ತದೆ. ಇಲ್ಲಿಯೂ ತೀರ್ಪು ಕೊಡುವುದು ಮಾನಿಟರೇ.

ಗ್ರಾಫಿಕ್ಸ್ ಕಾರ್ಡ್‌ಗೆ ಬರೋಣ. 2025ರ ಜನವರಿಯಲ್ಲಿ ಎನ್‌ವಿಡಿಯಾ ಭಾರತಕ್ಕೆ ಘೋಷಿಸಿದ ಆರಂಭಿಕ ಬೆಲೆ ಆರ್‌ಟಿಎಕ್ಸ್ 5080ಕ್ಕೆ 1,07,000 ರೂಪಾಯಿ, 5090ಕ್ಕೆ 2,14,000. ಬೆಲೆ ಸರಿಯಾಗಿ ಎರಡು ಪಟ್ಟು. ಮೆಮೊರಿಯೂ 16 ಜಿಬಿಯಿಂದ 32 ಜಿಬಿಗೆ ಏರಿ ಎರಡು ಪಟ್ಟಾಗುತ್ತದೆ. ಆಟದ ವೇಗ ಮಾತ್ರ 4ಕೆಯಲ್ಲಿ ಸುಮಾರು ಒಂದೂವರೆ ಪಟ್ಟು. 1440ಪಿಗೆ ಇಳಿದರೆ ಅದೂ ಕುಗ್ಗುತ್ತದೆ. ‘ಇರಲಿ, ಮುಂದಿನ ಐದಾರು ವರ್ಷ ಯೋಚನೆಯೇ ಬೇಡವಲ್ಲ’ ಎನ್ನುವವರಿದ್ದಾರೆ. ಈ ಆಕ್ಷೇಪಕ್ಕೆ ಮಾರುಕಟ್ಟೆಯ ಇತಿಹಾಸವೇ ಉತ್ತರ ಕೊಟ್ಟಿದೆ. 2018ರಲ್ಲಿ ಆರ್‌ಟಿಎಕ್ಸ್ 2080 ಟಿಐ ಬಂದಾಗ ಎನ್‌ವಿಡಿಯಾದ ಸ್ವಂತ ಆವೃತ್ತಿಯ ಬೆಲೆ 1,199 ಡಾಲರ್. ಎರಡೇ ವರ್ಷದಲ್ಲಿ, 2020ರಲ್ಲಿ, ಹೆಚ್ಚುಕಡಿಮೆ ಅಷ್ಟೇ ವೇಗದ 3070 ಬಂತು, 499 ಡಾಲರ್‌ಗೆ. ನಾಳೆಗೆಂದು ಇಂದೇ ತುದಿಯ ಕಾರ್ಡ್ ಕೊಂಡಿಡುವುದು ಉಳಿತಾಯದ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಇಂದಿನ ಪರದೆಗೆ ಬೇಕಾದಷ್ಟನ್ನು ಕೊಂಡು, ಮೂರು ವರ್ಷದ ಮೇಲೆ ಹಳೆಯದನ್ನು ಮಾರಿ ಹೊಸದನ್ನು ಹಾಕಿಕೊಳ್ಳುವುದು ಮೇಲು. ಕಂಜೂಸುತನ ಮಾಡಬಾರದ ಜಾಗ ಕಾರ್ಡಿನ ಮೆಮೊರಿ. 2023ರಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ, ವೇಗಕ್ಕೆ ಕೊರತೆಯಿಲ್ಲದ 8 ಜಿಬಿ ಕಾರ್ಡ್‌ಗಳೂ ಜಾಗ ಸಾಲದೆ ಮುಗ್ಗರಿಸಿದವು. ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗಿ ಕಂಡರೂ ನಡುನಡುವೆ ಆಟ ಗಕ್ಕನೆ ನಿಂತು ಮುಂದೆ ಹೋಗುತ್ತಿದ್ದರೆ ಹಿತವೆಲ್ಲಿ? ಅದಕ್ಕೇ ವಿಮರ್ಶೆಗಳಲ್ಲಿ ಸರಾಸರಿಗಿಂತ ‘1% ಲೋ’ ಎಂಬ ಅಂಕಿಯನ್ನು ನೋಡಬೇಕು. ಅತಿ ನಿಧಾನದ ಫ್ರೇಮ್‌ಗಳ ಕಥೆ ಹೇಳುವುದು ಅದೇ.

ಇನ್ನೊಂದು ಆಕ್ಷೇಪ ಹೊಸ ಕಾಲದ್ದು: ಫ್ರೇಮ್‌ಗಳನ್ನು ಎಐ ಹುಟ್ಟಿಸಿಕೊಡುವಾಗ ಈ ಲೆಕ್ಕವೆಲ್ಲ ಏಕೆ? 5070 ಕಾರ್ಡನ್ನು ಪರಿಚಯಿಸುವಾಗ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್, 1,599 ಡಾಲರ್‌ನ 4090ರ ಸಾಮರ್ಥ್ಯ 549 ಡಾಲರ್‌ಗೇ ಸಿಗುತ್ತದೆ ಎಂದಿದ್ದರು. ಆ ಮಾತು ನಿಂತಿದ್ದದ್ದು ಒಂದು ನಿಜ ಫ್ರೇಮಿನ ಬೆನ್ನಿಗೆ ಮೂರು ಕೃತಕ ಫ್ರೇಮ್ ಸೇರಿಸುವ ತಂತ್ರದ ಮೇಲೆ. ಇಲ್ಲಿ ಎರಡು ತಂತ್ರಗಳನ್ನು ಬೇರೆ ಮಾಡಿ ನೋಡಬೇಕು. ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿದ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್ ನಿಜಕ್ಕೂ ಭಾರ ಇಳಿಸುತ್ತದೆ. 4ಕೆಯ ‘ಪರ್ಫಾರ್ಮೆನ್ಸ್’ ಸೆಟ್ಟಿಂಗ್‌ನಲ್ಲಿ ಕಾರ್ಡ್ ಒಳಗೆ ಬಿಡಿಸುವುದು ಫುಲ್ ಎಚ್‌ಡಿ ಚಿತ್ರವನ್ನೇ. ಇದನ್ನು ಧಾರಾಳವಾಗಿ ಲೆಕ್ಕಕ್ಕೆ ಹಿಡಿಯಬಹುದು. ನಡುವೆ ಫ್ರೇಮ್ ತುಂಬುವ ತಂತ್ರ ಕಣ್ಣಿಗೆ ನಯವಾಗಿ ಕಂಡರೂ ಕೈಗೆ ಚುರುಕು ತರುವುದಿಲ್ಲ. ಕ್ಲಿಕ್ ಮಾಡಿದ್ದಕ್ಕೆ ಆಟ ಉತ್ತರ ಕೊಡುವುದು ನಿಜ ಫ್ರೇಮಿನಲ್ಲಿ. ಸೆಕೆಂಡಿಗೆ 30 ನಿಜ ಫ್ರೇಮ್ ಇದ್ದರೆ, ಪರದೆಯ ಮೂಲೆಯಲ್ಲಿ 120 ಎಂದು ಮಿನುಗುತ್ತಿದ್ದರೂ ಕೈಗೆ 30ರ ಮಂಕುತನವೇ ತಾಗುತ್ತದೆ.

ಈಗ ಪಟ್ಟಿಯಲ್ಲಿ ಯಾರೂ ತಲೆಕೆಡಿಸಿಕೊಳ್ಳದ ಪವರ್ ಸಪ್ಲೈ. 5090ರ ಘೋಷಿತ ಬಳಕೆ 575 ವ್ಯಾಟ್. 12 ವೋಲ್ಟ್‌ನಲ್ಲಿ ಅದು ಸುಮಾರು 48 ಆಂಪಿಯರ್; ಹೆಬ್ಬೆರಳಿನಷ್ಟಗಲದ ಕನೆಕ್ಟರ್‌ನಲ್ಲಿ ಆರು ಪಿನ್‌ಗಳು ತಲಾ 8 ಆಂಪಿಯರ್ ಹೊರಬೇಕು. 2022ರಲ್ಲಿ 4090 ಬಂದ ಕೆಲವೇ ವಾರಗಳಲ್ಲಿ ಈ ಕನೆಕ್ಟರ್ ಕರಗಿದ ಚಿತ್ರಗಳು ಹೊರಬಿದ್ದವು. ಪೂರ್ತಿ ಒತ್ತಿ ಕೂರಿಸದೇ ಇದ್ದದ್ದು ಅದಕ್ಕೊಂದು ಮುಖ್ಯ ಕಾರಣವೆಂದು ಗೊತ್ತಾದ ಮೇಲೆ, ಅರೆಬರೆ ಕೂತಾಗ ಕಾರ್ಡ್‌ಗೆ ಸುಳಿವು ಕೊಡುವ ಪಿನ್‌ಗಳನ್ನು ಮೋಟು ಮಾಡಿ ವಿನ್ಯಾಸ ತಿದ್ದಿದರು. ಕೇಬಲ್ ಒಳಗೆ ಹೋಗಿ, ಕಾರ್ಡಿಗೂ ಪ್ಲಾಸ್ಟಿಕ್ ತುದಿಗೂ ನಡುವೆ ಉಗುರು ತೂರುವಷ್ಟು ಸಂದೂ ಉಳಿಯಬಾರದು. ಕನೆಕ್ಟರ್‌ನ ಬುಡದಲ್ಲೇ ಕೇಬಲ್ ಬಾಗಿರಬಾರದು. ಇದರ ಜೊತೆಗೆ ಕಾರ್ಡ್‌ಗಳು ಕ್ಷಣದ ಭಾಗದಷ್ಟು ಹೊತ್ತು ಘೋಷಿತ ಮಿತಿಯನ್ನು ಬಹಳ ಮೀರಿ ವಿದ್ಯುತ್ ಎಳೆಯುತ್ತವೆ. 2022ರ ಎಟಿಎಕ್ಸ್ 3.0 ಮಾನದಂಡ, ಇಂಥ ಕಾರ್ಡ್‌ಗಳಿಗೆ ಮಾಡಿದ ಪವರ್ ಸಪ್ಲೈ ತನ್ನ ಸಾಮರ್ಥ್ಯದ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಾಳಿಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿಯೇ. ‘80 ಪ್ಲಸ್ ಗೋಲ್ಡ್’ ಎಂಬ ಚೀಟಿ ನೋಡಿ ಸಮಾಧಾನಪಡುವವರು ತಿಳಿಯಬೇಕಾದ್ದು, ಅದು ಅಳೆಯುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ಅದೂ 23 ಡಿಗ್ರಿ ಆಸುಪಾಸಿನ ತಣ್ಣನೆಯ ಕೋಣೆಯಲ್ಲಿ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಪೆಟ್ಟಿಗೆಯ ಒಳಗಿನ ಮಾತೇ ಬೇರೆ. ಶಾಖ 10 ಡಿಗ್ರಿ ಏರಿದರೆ ಪವರ್ ಸಪ್ಲೈ ಒಳಗಿನ ಕೆಪ್ಯಾಸಿಟರ್‌ಗಳ ಆಯಸ್ಸು ಅರ್ಧಕ್ಕಿಳಿಯುತ್ತದೆ ಎನ್ನುವುದು ಎಲೆಕ್ಟ್ರಾನಿಕ್ಸ್‌ನ ಹಳೆಯ ಅಂದಾಜು. ಹಾಗಾಗಿ ನಮ್ಮ ಹವೆಗೆ ಮುಂಭಾಗದಲ್ಲಿ ಜಾಲರಿ ಇರುವ ಕ್ಯಾಬಿನೆಟ್ಟೇ ಸರಿ. ಗಾಜು ಮುಚ್ಚಿದ್ದು ಚಿತ್ರದಲ್ಲಿ ಚೆನ್ನ.

ಕರೆಂಟಿನ ಲೆಕ್ಕವನ್ನೂ ಬಿಡುವಂತಿಲ್ಲ. 750 ವ್ಯಾಟ್ ಎಳೆಯುವ ಯಂತ್ರವನ್ನು ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 90 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ ಹತ್ತಿರ ಹತ್ತಿರ ಅರ್ಧ ಇಲ್ಲೇ ಮುಗಿಯಿತು. ಅಷ್ಟೂ ವಿದ್ಯುತ್ ಕೊನೆಗೆ ಕೋಣೆಗೆ ಶಾಖವಾಗಿ ಬಂದು ಸೇರುವುದರಿಂದ ಬೇಸಿಗೆಯಲ್ಲಿ ಎಸಿಯ ಖರ್ಚು ಬೇರೆ. ಕರೆಂಟ್ ಹೋದಾಗ ಕೈಹಿಡಿಯಲೆಂದು ಮನೆಯಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುವಂಥದ್ದು. ಆಟದ ನಡುವೆ ಅದಕ್ಕೆ ಈ ಯಂತ್ರದ ಭಾರ ಬಿದ್ದರೆ ಇಡೀ ವ್ಯವಸ್ಥೆ ಅಲ್ಲೇ ಆರಿಹೋಗುತ್ತದೆ.

ಉಳಿದವುಗಳ ಮಾತು ಚುಟುಕಾಗಿ ಮುಗಿಯುತ್ತದೆ. ಆಟಕ್ಕೆ 32 ಜಿಬಿ ಡಿಡಿಆರ್5 ಸಾಕು, ಎರಡು ಪಟ್ಟಿಗಳಲ್ಲಿ. ರೈಜನ್‌ಗೆ 6000ದ ವೇಗ ಹದವಾದದ್ದು. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಸಿಕ್ಕಿ ರ‍್ಯಾಮ್ ದರ ವಿಪರೀತ ಏರಿದ ಮೇಲಂತೂ 64 ಜಿಬಿ ಬರೀ ಒಣ ಜಂಬ. ಎಸ್‌ಎಸ್‌ಡಿ ಸೆಕೆಂಡಿಗೆ 7,000 ಎಂಬಿ ಓದಿದರೂ 14,000 ಓದಿದರೂ ಆಟ ತೆರೆದುಕೊಳ್ಳುವ ಹೊತ್ತಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಂದಿಗೂ ಕಾಣುವುದಿಲ್ಲ. ಆ ದುಡ್ಡಿಗೆ ಹೆಚ್ಚು ಜಾಗ ಕೊಳ್ಳಿ. ಮದರ್‌ಬೋರ್ಡ್ ಆರಿಸುವಾಗ ಅದರ ಸಾಕೆಟ್‌ಗೆ ಮುಂದೆಯೂ ಪ್ರೊಸೆಸರ್ ಬರುತ್ತದೆಯೇ ಎಂದು ನೋಡಿದರೆ ಸಾಕು.

ಇಷ್ಟೆಲ್ಲ ಕೇಳಿದವರು ‘ಅರ್ಧ ಲಕ್ಷದ ಆಸುಪಾಸಿನಲ್ಲಿ ಪ್ಲೇಸ್ಟೇಷನ್ 5 ಸಿಗುವಾಗ ಇದೆಲ್ಲ ಯಾರಿಗೆ ಬೇಕು’ ಎಂದು ಕೇಳಿಯೇ ಕೇಳುತ್ತಾರೆ. ಸೋಫಾದಲ್ಲಿ ಕೂತು 60 ಹರ್ಟ್ಸ್ ಟಿವಿಯಲ್ಲಿ ಆಡುವವರ ಮಟ್ಟಿಗೆ ಈ ಪ್ರಶ್ನೆಗೆ ಎದುರುತ್ತರವಿಲ್ಲ. ಅವರು ಪ್ಲೇಸ್ಟೇಷನ್ನೇ ಕೊಳ್ಳಬೇಕು. ಪಿಸಿಯ ಹೆಚ್ಚಿನ ಖರ್ಚಿಗೆ ಸಮರ್ಥನೆ ಸಿಗುವುದು ಹೆಚ್ಚಿನದನ್ನು ತೋರಿಸಬಲ್ಲ ಪರದೆ ಇದ್ದಾಗ. 240 ಹರ್ಟ್ಸ್‌ನ ಒಎಲ್‌ಇಡಿ ಮಾನಿಟರ್ ದುಬಾರಿ ಎಂದು ಹಿಂಜರಿಯುವವರು ಒಂದು ಲೆಕ್ಕ ಮಾಡಲಿ: 5090ಕ್ಕೂ 5080ಕ್ಕೂ ಆರಂಭಿಕ ಬೆಲೆಯಲ್ಲಿದ್ದ ಒಂದು ಲಕ್ಷದ ಅಂತರದಲ್ಲಿ ಅಂಥ ಮಾನಿಟರ್ ಮತ್ತು ಹತ್ತು ವರ್ಷದ ವಾರಂಟಿಯ ಪವರ್ ಸಪ್ಲೈ ಎರಡೂ ಬರುತ್ತವೆ, ಮುಂದೆ ಎರಡು ಸಲ ಕಾರ್ಡ್ ಬದಲಿಸಿದರೂ ಇವೆರಡು ಮೇಜಿನ ಮೇಲೇ ಇರುತ್ತವೆ. ಒಎಲ್‌ಇಡಿಯಲ್ಲಿ ಅಲುಗಾಡದ ಚಿತ್ರದ ಕಲೆ ಉಳಿಯುವ ಅಪಾಯವಿದೆ ನಿಜ. ಹಗಲೆಲ್ಲ ಅದೇ ಪರದೆಯಲ್ಲಿ ಎಕ್ಸೆಲ್ ತೆರೆದಿಡುವವರು ಐಪಿಎಸ್ ಮಾನಿಟರ್ ಆರಿಸಿಕೊಳ್ಳಲಿ.

ಯಂತ್ರ ಮನೆಗೆ ಬಂದ ದಿನ ನೋಡಬೇಕಾದ್ದು ಮೂರು. ಮಾನಿಟರ್‌ನ ಕೇಬಲ್ ಮದರ್‌ಬೋರ್ಡ್‌ಗಲ್ಲದೆ ಗ್ರಾಫಿಕ್ಸ್ ಕಾರ್ಡ್‌ಗೇ ಸಿಕ್ಕಿಸಿರಬೇಕು. ಬಯಾಸ್‌ನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಿರಬೇಕು, ಇಲ್ಲದಿದ್ದರೆ 6000ದ ರ‍್ಯಾಮ್ ಸದ್ದಿಲ್ಲದೆ 4800ರಲ್ಲೇ ಓಡುತ್ತಿರುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 240 ಹರ್ಟ್ಸ್ ಆರಿಸಿರಬೇಕು. ಎಷ್ಟೋ ಮಾನಿಟರ್‌ಗಳು ಮೊದಲ ಸಲ ಹಚ್ಚಿದಾಗ 60ರಲ್ಲೇ ನಿಂತಿರುತ್ತವೆ.