ಬಿಸಿಲೂರಿನ ತೋಟಗಳಿಗೆ ಒಂದು ಪ್ರವಾಸ



ಬೇಸಿಗೆ ರಜೆ ಬಂತೆಂದರೆ ಪ್ರವಾಸದ ಬಸ್ಸುಗಳು ಊಟಿ, ಮಡಿಕೇರಿಗಳ ಕಡೆಗೆ ಹೊರಡುತ್ತವೆ. ತೋಟ ನೋಡಬೇಕಾದರೆ ತಂಪಾದ ಊರಿಗೇ ಹೋಗಬೇಕು ಎಂಬುದು ನಮ್ಮೆಲ್ಲರ ಎಣಿಕೆ. ಈ ಸಲ ನಿಮ್ಮ ತಂಡ ಬಿಸಿಲಿನ ಕಡೆಗೇ ಹೊರಡಲಿ. ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಈ ಪ್ರವಾಸದ ನಾಲ್ಕು ನಿಲ್ದಾಣಗಳು. ಈ ಭಾಗದ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಸುತ್ತ ಬರೀ ಬಂಡೆ. ಆದರೂ ಬಂಡೆಗಳ ನಡುವೆ ಬಾಳೆ, ತೆಂಗು, ಕಬ್ಬು ಹಸಿರಾಗಿ ನಿಂತಿರುತ್ತವೆ. ಇದು ಹೇಗೆ ಸಾಧ್ಯ?

ಒಮ್ಮೆ ಮೇ ತಿಂಗಳಲ್ಲಿ ಚಿತ್ರೀಕರಣಕ್ಕೆಂದು ಕಮಲಾಪುರದ ಬಳಿಯ ಬಾಳೆ ತೋಟವೊಂದಕ್ಕೆ ಹೋಗಿದ್ದೆವು. ಕ್ಯಾಮರಾ ಗೊನೆಗಳ ಕಡೆ ತಿರುಗಿದ್ದನ್ನು ನೋಡಿ ತೋಟದ ಅಜ್ಜ ನಕ್ಕರು. "ಏನ್ ಸರ್, ಬರೇ ಗೊನಿ ತೆಗೀತೀರಿ? ಮೊದ್ಲು ಕಾಲುವಿ ತೆಗೀರಿ. ಅದು ನಿಂತ್ರ ಇದೆಲ್ಲಾ ಹದಿನೈದು ದಿನದ್ದು" ಎಂದರು. ನಮ್ಮ ಪ್ರಶ್ನೆಗೆ ಅವರ ಮಾತಿನಲ್ಲೇ ಉತ್ತರವಿತ್ತು. ಆದ್ದರಿಂದ ನಾವೂ ನೀರಿನಿಂದಲೇ ಆರಂಭಿಸೋಣ.

ಹೊಸಪೇಟೆ: ಅಣೆಕಟ್ಟೆಯ ಕೆಳಗೆ

ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಅದರ ಕೆಳಗಿನ ಉದ್ಯಾನ, ಸಂಗೀತ ಕಾರಂಜಿ, ಎದುರು ದಡದ ಮುನಿರಾಬಾದಿನ ಪಂಪಾವನ ಇವು ಸಾರ್ವಜನಿಕ ಉದ್ಯಾನಗಳು. ಇಲ್ಲಿ ಹೂವು ನೋಡಿ, ಫೋಟೋ ತೆಗೆಯಿರಿ. ಆಮೇಲೆ ಒಂದು ಕ್ಷಣ ಜಲಾಶಯದ ಕಡೆ ತಿರುಗಿ. ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ನದಿ ತಂದ ಹೂಳು ತುಂಬಿ ಈಗ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ದಿನಗಟ್ಟಲೆ ನದಿಗೆ ಹರಿದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬಹುದು. ಕೆಳಗಿನ ತೋಟಗಳವರು ಆ ದಿನಗಳಲ್ಲಿ ಎಷ್ಟು ಆತಂಕಪಟ್ಟಿರಬಹುದು, ಯೋಚಿಸಿ.

ಅಣೆಕಟ್ಟೆಗಿಂತ ಹಳೆಯದು ಇಲ್ಲಿನ ಕಾಲುವೆಗಳ ಕಥೆ. ವಿಜಯನಗರದ ಅರಸರ ಕಾಲದಲ್ಲಿ ನದಿಗೆ ಅಡ್ಡಲಾಗಿ ತಗ್ಗಾದ ಕಲ್ಲಿನ ಒಡ್ಡುಗಳನ್ನು ಹಾಕಿ, ನೀರನ್ನು ಪಕ್ಕಕ್ಕೆ ತಿರುಗಿಸುತ್ತಿದ್ದರು. ಇದಕ್ಕೆ ಪಂಪು ಬೇಡ, ವಿದ್ಯುತ್ತು ಬೇಡ. ನೆಲದ ಇಳಿಜಾರೇ ನೀರನ್ನು ಒಯ್ಯುತ್ತದೆ. ರಾಯ ಮತ್ತು ಬಸವಣ್ಣ ಕಾಲುವೆಗಳ ಹಳೆಯ ಒಡ್ಡುಗಳು ಜಲಾಶಯದಲ್ಲಿ ಮುಳುಗಿದವು. ಈಗ ಆ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಬಿಡುತ್ತಾರೆ. ವರ್ಷದ ಬಹುಪಾಲು ನೀರು ಹರಿಯುವುದರಿಂದಲೇ ಇಲ್ಲಿ ಬಾಳೆ, ಕಬ್ಬಿನಂಥ ದೀರ್ಘಾವಧಿ ಬೆಳೆಗಳು ಸಾಧ್ಯವಾಗಿವೆ.

ಹಂಪಿ: ಹುಲ್ಲುಹಾಸೋ, ಬಾಳೆ ತೋಟವೋ?

1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ನಗರದ ಏಳು ಕೋಟೆಗಳ ಪೈಕಿ ಹೊರಗಿನ ಸುತ್ತುಗಳ ನಡುವೆ ಹೊಲಗಳೂ ತೋಟಗಳೂ ಇದ್ದುವೆಂದು ಬರೆದಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೂಡ ನಗರದ ಹಣ್ಣಿನ ತೋಟಗಳನ್ನೂ ನೀರಿನ ಕಾಲುವೆಗಳನ್ನೂ ವರ್ಣಿಸಿದ್ದಾನೆ. ಅಂದರೆ ತೋಟವು ಊರಾಚೆಯ ಅಲಂಕಾರವಾಗಿರಲಿಲ್ಲ. ಅದು ನಗರದ ಒಳಗೇ ಸೇರಿತ್ತು.

ಇಂದು ಕಮಲ ಮಹಲಿನ ಸುತ್ತ ನೀವು ಕಾಣುವ ಹುಲ್ಲುಹಾಸು ಪುರಾತತ್ತ್ವ ಇಲಾಖೆ ನಮ್ಮ ಕಾಲದಲ್ಲಿ ಬೆಳೆಸಿದ್ದು. ಕತ್ತರಿಸಿ ಸಮ ಮಾಡಿದ ಇಂಥ ಹುಲ್ಲುಹಾಸಿನ ಪದ್ಧತಿ ಬ್ರಿಟಿಷರ ಜೊತೆ ಬಂತು. ನೋಡಲು ಅಂದ, ಆದರೆ ಬೇಸಿಗೆಯಲ್ಲಿ ಅದಕ್ಕೆ ಬಹಳ ನೀರು ಬೇಕು. ಹಳೆಯ ತೋಟಗಾರಿಕೆಯ ಗುರುತು ನೋಡಬೇಕಾದರೆ ಅರಮನೆ ಆವರಣದ ಕಲ್ಲಿನ ಮೇಲ್ಗಾಲುವೆಯನ್ನೂ, 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿಯನ್ನೂ ನೋಡಿ. ಆಮೇಲೆ ತುರ್ತು ಕಾಲುವೆಯ ಬದಿಯಲ್ಲಿ ನಡೆಯಿರಿ. ಅಲ್ಲಿನ ಖಾಸಗಿ ತೋಟಗಳಲ್ಲಿ ಸುಗಂಧಿ, ಏಲಕ್ಕಿ ಬಾಳೆ ಸಿಗುತ್ತವೆ. ಪ್ರಸಿದ್ಧವಾದ 'ಕಮಲಾಪುರದ ಕೆಂಪು ಬಾಳೆ' ಈ ಕಮಲಾಪುರದ್ದಲ್ಲ, ಕಲಬುರಗಿ ಜಿಲ್ಲೆಯ ಕಮಲಾಪುರದ್ದು. ಪರೀಕ್ಷೆಯಲ್ಲಿ ತಪ್ಪು ಬರೆದೀರಿ!

ತೋಟದೊಳಗೆ ಕಾಲಿಟ್ಟೊಡನೆ ಮೈ ತಂಪಾಗುತ್ತದೆ. ಬರೀ ನೆರಳಿನಿಂದಲೇ ಅಲ್ಲ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೊರಬೀಳುತ್ತಿರುತ್ತದೆ. ಇದೇ ಬಾಷ್ಪವಿಸರ್ಜನೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಆ ಶಾಖವನ್ನು ಅದು ಎಲೆಯಿಂದಲೂ ಸುತ್ತಲಿನ ಗಾಳಿಯಿಂದಲೂ ಪಡೆಯುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಇದೇ ಕಾರಣದಿಂದ. ಬಂಡೆಯಲ್ಲಿ ಆವಿಯಾಗಲು ನೀರಿಲ್ಲ. ಹಾಗಾಗಿ ಬಿದ್ದ ಬಿಸಿಲೆಲ್ಲ ಅದನ್ನು ಕಾಯಿಸುತ್ತದೆ. ಮಧ್ಯಾಹ್ನ ಬಾಳೆ ಎಲೆಯ ಎರಡು ಪಕ್ಕಗಳು ನಡುದಿಂಡಿನಿಂದ ಕೆಳಕ್ಕೆ ಮಡಚಿಕೊಳ್ಳುವುದನ್ನು ಗಮನಿಸಿ. ಎಲೆ ಬಿಸಿಲಿಗೆ ಒಡ್ಡಿಕೊಳ್ಳುವ ಭಾಗವನ್ನು ಕಡಿಮೆ ಮಾಡಿ ನೀರು ಉಳಿಸಿಕೊಳ್ಳುವ ಉಪಾಯ ಇದು.

ಇಲ್ಲೊಂದು ಕಷ್ಟದ ಪ್ರಶ್ನೆಯೂ ಇದೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅಗೆತದಿಂದ, ಬೇರಿನಿಂದ, ನಿಂತ ನೀರಿನಿಂದ ನೆಲದಡಿಯ ಅವಶೇಷಗಳಿಗೆ ಧಕ್ಕೆಯಾದೀತು ಎಂಬುದು ಒಂದು ವಾದ. ಆರು ಶತಮಾನಗಳಿಂದ ಉಳುತ್ತ ಬಂದ ಕಣಿವೆ ಇದು, ಕಾಲುವೆ ಪರಂಪರೆಯಾದರೆ ಅದರ ನೀರು ಕುಡಿಯುವ ತೋಟವೂ ಪರಂಪರೆಯೇ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ದಾರಿಯುದ್ದಕ್ಕೂ ನಿಮ್ಮ ತಂಡದಲ್ಲಿ ಚರ್ಚೆಯಾಗಲಿ.

ಸಂಡೂರು: ಯಾರೂ ನೆಡದ ತೋಟ

ಸಂಡೂರಿನ ಗುಡ್ಡಗಳು ಮಳೆಗಾಲ ಮುಗಿಯುವಾಗ ಚೆಂದ, ಸೆಪ್ಟೆಂಬರಿನಲ್ಲಿ ನೋಡಬೇಕು ಎನ್ನುತ್ತಾರೆ. ಆದರೆ ಬೇಸಿಗೆಯಲ್ಲಿ ಒಂದು ಪಾಠ ಸಿಗುತ್ತದೆ. ತೋಟದ ಬಾಳೆ ಕಾಲುವೆಯನ್ನು ನಂಬಿ ಹಸಿರಾಗಿದ್ದರೆ, ಗುಡ್ಡದ ಅನೇಕ ಮರಗಳು ಎಲೆ ಉದುರಿಸಿ ನೀರು ಉಳಿಸುತ್ತವೆ. ಬೋಳಾದ ಮರ ಸತ್ತ ಮರವಲ್ಲ. ನಾರಿಹಳ್ಳ ಈ ಗುಡ್ಡಗಳನ್ನು ಸೀಳಿಕೊಂಡು ಹರಿದು ದರೋಜಿ ಕೆರೆಯನ್ನು ತುಂಬುತ್ತದೆ. ಮೇಲಿನ ಕಾಡು ಮಳೆಯನ್ನು ಹಿಡಿದಿಟ್ಟುಕೊಂಡರೆ ಕೆಳಗಿನ ಕೆರೆಗೆ ತಿಳಿನೀರು. ಕಾಡು ಹೋದರೆ ಮಣ್ಣು, ಹೂಳು.

ಇದೇ ಮಣ್ಣಿನಲ್ಲಿ ಕಬ್ಬಿಣದ ಅದಿರಿದೆ. ಗಣಿಗಾರಿಕೆ ಮಿತಿಮೀರಿದಾಗ ಲಾರಿಗಳ ಕೆಂಪು ಧೂಳು ಎಲೆಗಳ ಮೇಲೆ ಪದರವಾಗಿ ಕುಳಿತಿತ್ತು. ಪತ್ರರಂಧ್ರ ಮುಚ್ಚಿದರೆ ಎಲೆ ಉಸಿರಾಡುವುದು ಹೇಗೆ? ಬಿಸಿಲು ತಾಗದಿದ್ದರೆ ಆಹಾರ ತಯಾರಿಸುವುದು ಹೇಗೆ? 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಮಿತಿ ಹಾಕಿ ಮತ್ತೆ ಅನುಮತಿ ಕೊಟ್ಟಿತು. ಅದಿರೂ ಬೇಕು, ಕಾಡೂ ಬೇಕು. ಆದರೆ ಅಗೆದ ಗುಡ್ಡವನ್ನು ಮರಳಿ ಕಟ್ಟಲು ಯಾವ ತೋಟಗಾರನಿಗೂ ಬಾರದು.

ಕಂಪ್ಲಿ: ಕೊನೆಯ ಮಡೆ

ಕಂಪ್ಲಿ ನದೀತೀರದ ಊರು. ಭತ್ತ, ಬಾಳೆ, ಕಬ್ಬು ಇಲ್ಲಿನ ಸಿರಿ. ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಇಲ್ಲಿನ ಸೇತುವೆಯೇ ಮುಳುಗುತ್ತದೆ. ಬೇಸಿಗೆಯಲ್ಲಿ ಕಾಲುವೆಯ ಕೊನೆಯ ಹೊಲದವರು ನೀರಿಗಾಗಿ ರಾತ್ರಿಯೆಲ್ಲ ಮಡೆ ಕಾಯುತ್ತಾರೆ. ಮೇಲಿನವರು ಹೆಚ್ಚು ಹಾಯಿಸಿಕೊಂಡರೆ ಕೆಳಗಿನವರಿಗೆ ಬಾರದು. ವಿಜಯನಗರ ಕಾಲುವೆಗಳ ಆಧುನೀಕರಣದಲ್ಲಿ ಒಳಬದಿಗೆ ಕಾಂಕ್ರೀಟು ಹಾಕುವುದಕ್ಕೆ ಇದೂ ಒಂದು ಕಾರಣ. ಸೋರಿಕೆ ತಗ್ಗಿದರೆ ನೀರು ದೂರ ತಲುಪುತ್ತದೆ. ಆದರೆ ಆ ಸೋರಿಕೆಯಿಂದಲೇ ಜಿನುಗು ಪಡೆಯುತ್ತಿದ್ದ ಬದಿಯ ಬಾವಿ, ತೆಂಗಿನ ಮರಗಳ ಗತಿ? ನೀರಿನ ಲೆಕ್ಕದಲ್ಲಿ ಒಬ್ಬರ ನಷ್ಟ ಇನ್ನೊಬ್ಬರ ಲಾಭವಾಗಿರುವುದುಂಟು.

ಹೊರಡುವ ಮುನ್ನ

ಪ್ರತಿ ತಂಡವೂ ಎರಡು ಉಷ್ಣಮಾಪಕಗಳನ್ನು ಒಯ್ಯಲಿ. ಮಧ್ಯಾಹ್ನ ಎರಡು ಗಂಟೆಗೆ ಒಂದನ್ನು ಬಾಳೆ ತೋಟದ ನೆರಳಿನಲ್ಲಿ, ಇನ್ನೊಂದನ್ನು ಬಂಡೆಯ ನೆರಳಿನಲ್ಲಿ ತೂಗುಹಾಕಿ. ಎರಡೂ ಕಡೆ ನೆರಳೇ ಇರಲಿ, ಆಗ ಹೋಲಿಕೆ ನ್ಯಾಯವಾಗುತ್ತದೆ. ಬಾಳೆಯ ಒಂದು ಎಲೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿ, ಒಂದು ಗಂಟೆಯ ನಂತರ ಒಳಗೆ ಕೂಡಿದ ಹನಿಗಳನ್ನು ನೋಡಿ. ಖಾಸಗಿ ತೋಟಕ್ಕೆ ಕೇಳದೆ ಕಾಲಿಡಬೇಡಿ, ಕಾಯಿ ಕೀಳಬೇಡಿ. ಕುಡಿಯುವ ನೀರು, ಟೋಪಿ ಮರೆಯಬೇಡಿ. ಬೆಳಿಗ್ಗೆ ಹತ್ತರೊಳಗೆ ನಡಿಗೆ ಮುಗಿಸಿ.

ಕೊನೆಗೆ, ತೋಟದಲ್ಲಿ ಯಾರಾದರೂ ಹಿರಿಯರು ಸಿಕ್ಕರೆ ಒಂದು ಪ್ರಶ್ನೆ ಕೇಳಿ: "ಅಜ್ಜಾ, ನೀರು ಎಲ್ಲಿಂದ ಬರತೈತಿ?" ಅವರು ಕೈ ತೋರಿಸಿದ ಕಡೆ ನಡೆದು ನೋಡಿ. ನಿಮ್ಮ ನಿಜವಾದ ಪ್ರವಾಸ ಅಲ್ಲಿಂದ ಆರಂಭವಾಗುತ್ತದೆ.